ತೊಂಬತ್ತು ವರ್ಷದ ರೈಲುಹಾದಿ

ಯುರೋಪಿನ ಭೂಪಟವನ್ನು ಎದುರಿಗೆ ಹರಡಿಕೊಂಡು ನೋಡಿದರೆ ನಾರ್ವೆ ದೇಶವು ಕಡಲಿಗೂ ಬೆಟ್ಟಕ್ಕೂ ನಡುವೆ ಸಿಕ್ಕಿಕೊಂಡ ನೀಳವಾದ ಪಟ್ಟಿಯಂತೆ ಕಾಣುತ್ತದೆ. ದಕ್ಷಿಣದಲ್ಲಿ ತಕ್ಕಮಟ್ಟಿಗೆ ಅಗಲವಾಗಿರುವ ಈ ನಾಡು ಉತ್ತರಕ್ಕೆ ಹೋದಂತೆಲ್ಲ ಕಿರಿದಾಗುತ್ತ ನಡೆಯುತ್ತದೆ. ಒಂದು ಕಡೆ ಅಟ್ಲಾಂಟಿಕ್ ಸಾಗರ ಒಳನುಗ್ಗಿ ಕೊರೆದ ಫಿಯರ್ಡ್‌ಗಳು, ಇನ್ನೊಂದು ಕಡೆ ಸ್ವೀಡನ್ನಿನ ಗಡಿಯ ಹಿಮಪರ್ವತಗಳು. ಇಂಥ ನೆಲದಲ್ಲಿ ಟ್ರೊಂಡ್‌ಹೈಮ್ ಎಂಬ ಪುರಾತನ ನಗರದಿಂದ ಉತ್ತರಕ್ಕೆ ಹೊರಟು, ಆರ್ಕ್ಟಿಕ್ ವೃತ್ತವನ್ನು ದಾಟಿ, ಬೋಡೊ ಎಂಬ ಬಂದರನ್ನು ಮುಟ್ಟುವ 729 ಕಿಲೋಮೀಟರ್ ಉದ್ದದ ಒಂದು ರೈಲುಮಾರ್ಗವಿದೆ. ಅದಕ್ಕೆ ನೋರ್ಡ್‌ಲಾಂಡ್ ಮಾರ್ಗವೆಂದು ಹೆಸರು. ನಾರ್ವೆಯ ಅತ್ಯಂತ ದೀರ್ಘವಾದ ರೈಲುಮಾರ್ಗ ಇದೇ.

ಈ ಹಾದಿಯಲ್ಲಿ ಪ್ರಯಾಣ ಮಾಡಿದ ಅನುಭವ ನನ್ನದಲ್ಲ. ಇದನ್ನು ನಾನು ಓದಿ ಬಲ್ಲೆ, ಅಷ್ಟೆ. ಕನ್ನಡದ ಮೇಷ್ಟರಿಗೆ ನಾರ್ವೆಯ ರೈಲಿನ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಒಂದು ರೈಲುಮಾರ್ಗದ ಕಥೆಯನ್ನು ನಾವು ಸಾಮಾನ್ಯವಾಗಿ ಹೇಗೆ ಹೇಳುತ್ತೇವೆ? ಇಂಥ ವರ್ಷದಲ್ಲಿ ಯೋಜನೆಯಾಯಿತು, ಇಂಥ ಎಂಜಿನಿಯರು ಕಟ್ಟಿದರು, ಇಂಥ ಅರಸರು ಉದ್ಘಾಟಿಸಿದರು ಎನ್ನುತ್ತೇವೆ. ಈ ಹಾದಿಯ ಕಥೆಯನ್ನು ಹಾಗೆ ಹೇಳಿ ಮುಗಿಸಿದರೆ ಅದರ ಮುಖ್ಯಭಾಗವೇ ಬಿಟ್ಟುಹೋಗುತ್ತದೆ. ಬಹುಕಾಲ ಹಾಗೆ ಬಿಟ್ಟೂ ಹೋಗಿತ್ತು. ಅದಕ್ಕಾಗಿಯೇ ಇಂದಿನ ಈ ಮಾತು.

ಕಥೆ ಆರಂಭವಾಗುವುದು ಒಬ್ಬ ಜಾನಪದ ಸಂಗ್ರಾಹಕನಿಂದ. ಓಲೆ ಟೋಬಿಯಾಸ್ ಓಲ್ಸೆನ್ 1830ರಲ್ಲಿ ನೋರ್ಡ್‌ಲಾಂಡಿನ ರಾನಾ ಎಂಬ ಪ್ರಾಂತದಲ್ಲಿ ಹುಟ್ಟಿದವನು. ಮೊದಲು ಉಪಾಧ್ಯಾಯ, ಅನಂತರ ಪಾದ್ರಿ. ಆದರೆ ಅವನ ಮನಸ್ಸು ನೆಟ್ಟಿದ್ದು ತನ್ನ ನಾಡಿನ ಕಥೆ, ಹಾಡು, ಐತಿಹ್ಯಗಳಲ್ಲಿ. ಹಳ್ಳಿಹಳ್ಳಿಗೆ ಹೋಗಿ ಮುದುಕ ಮುದುಕಿಯರ ಬಾಯಿಂದ ಅವುಗಳನ್ನು ಬರೆದುಕೊಂಡವನು ಅವನು. ಅವನು ಸಂಗ್ರಹಿಸಿದ ನೋರ್ಡ್‌ಲಾಂಡಿನ ಕಥೆಗಳು 1912ರಲ್ಲಿ ಪುಸ್ತಕರೂಪದಲ್ಲಿ ಬಂದವು. ಹೀಗೆ ಊರೂರು ಅಲೆದವನಿಗೆ ತನ್ನ ಜನ ಎಷ್ಟು ದೂರದಲ್ಲಿ, ಎಷ್ಟು ಒಂಟಿಯಾಗಿ ಬದುಕುತ್ತಿದ್ದಾರೆಂಬುದು ಚೆನ್ನಾಗಿ ತಿಳಿದಿತ್ತು. 1872ರಲ್ಲಿ ಅವನು ರಾಜಧಾನಿಯ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ನೋರ್ಡ್‌ಲಾಂಡಿನ ಒಳನಾಡಿನ ಮೂಲಕ ಉತ್ತರಕ್ಕೆ ರೈಲುಹಾದಿ ಬೇಕೆಂದು ವಾದಿಸಿದನು.

ಈ ಮಾತು ಆ ಕಾಲಕ್ಕೆ ವಿಚಿತ್ರವಾಗಿ ಕೇಳಿಸಿತು. ನೋರ್ಡ್‌ಲಾಂಡಿನ ರಾಜಮಾರ್ಗವೆಂದರೆ ಕಡಲು. ಮೀನು ಹೋಗುವುದು ಕಡಲಿನಲ್ಲಿ, ಮದುವೆಯ ದಿಬ್ಬಣ ಹೋಗುವುದು ಕಡಲಿನಲ್ಲಿ, ಹೆಣ ಹೋಗುವುದೂ ಕಡಲಿನಲ್ಲಿ. ಹದಿನೇಳನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಪಾದ್ರಿಯಾಗಿದ್ದ ಪೆಟರ್ ಡಾಸ್ ಎಂಬ ಕವಿ ನೋರ್ಡ್‌ಲಾಂಡನ್ನು ಕುರಿತು ಒಂದು ದೀರ್ಘಕಾವ್ಯವನ್ನೇ ರಚಿಸಿದ್ದಾನೆ. ಅಲ್ಲಿಯೂ ಬದುಕೆಲ್ಲ ನಿಂತಿರುವುದು ಮೀನು ಮತ್ತು ದೋಣಿಗಳ ಮೇಲೆಯೇ. ಹಾಗಿರುವಾಗ ಬೆಟ್ಟ ಕೊರೆದು ಕಂಬಿ ಹಾಕುವ ಹುಚ್ಚು ಯಾರಿಗೆ ಬೇಕು? 1893ರಲ್ಲಿ ಕರಾವಳಿಯುದ್ದಕ್ಕೂ ಉಗಿಹಡಗುಗಳ ನಿಯತವಾದ ಸಂಚಾರ ಆರಂಭವಾದ ಮೇಲೆ ಈ ವಾದಕ್ಕೆ ಇನ್ನಷ್ಟು ಬಲ ಬಂದಿತು. ಓಲ್ಸೆನ್ ಮಾತ್ರ ತನ್ನ ಪಟ್ಟು ಬಿಡಲಿಲ್ಲ. ಇಂದು ನಾರ್ವೆಯವರು ಅವನನ್ನು ‘ನೋರ್ಡ್‌ಲಾಂಡ್ ಮಾರ್ಗದ ಪಿತಾಮಹ’ನೆಂದು ಕರೆಯುತ್ತಾರೆ.

ಹಾದಿಯ ಮೊದಲ ತುಣುಕು ಹುಟ್ಟಿದ್ದು ಬೇರೊಂದು ಉದ್ದೇಶದಿಂದ. ಟ್ರೊಂಡ್‌ಹೈಮಿನಿಂದ ಪೂರ್ವಕ್ಕೆ ಸ್ವೀಡನ್ನಿನ ಗಡಿಯವರೆಗೆ ಹೋಗುವ ಮಾರ್ಗ 1882ರಲ್ಲಿ ತೆರೆಯಿತು. ಆ ಮಾರ್ಗದಲ್ಲಿ ಟ್ರೊಂಡ್‌ಹೈಮಿನಿಂದ ಸುಮಾರು ಮೂವತ್ತೆರಡು ಕಿಲೋಮೀಟರಿನಾಚೆ ಒಂದು ಚಿಕ್ಕ ನಿಲ್ದಾಣ ಸಿಗುತ್ತದೆ. ಅದರ ಹೆಸರು ‘ಹೆಲ್’. ಇಂಗ್ಲಿಷ್ ಬಲ್ಲ ಪ್ರವಾಸಿಗಳು ನರಕದ ಬಾಗಿಲಲ್ಲಿ ನಿಂತೆವೆಂದು ನಗುತ್ತ ಅಲ್ಲಿನ ಫಲಕದ ಕೆಳಗೆ ಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ಅದು ಹಳೆಯ ನಾರ್ಸ್ ಭಾಷೆಯ ಮಾತು. ಬಂಡೆಯ ಚಾಚು, ಗುಹೆ ಎಂಬುದು ಅದರ ಅರ್ಥ. ಊರ ಹೆಸರುಗಳನ್ನು ಪರಭಾಷೆಯ ಕಿವಿಯಿಂದ ಕೇಳಿದರೆ ಆಗುವ ತಮಾಷೆಗೆ ಇದೊಂದು ಒಳ್ಳೆಯ ಉದಾಹರಣೆ. ಉತ್ತರದ ಹಾದಿ ಮುಖ್ಯಮಾರ್ಗದಿಂದ ಕವಲೊಡೆಯುವುದು ಈ ಹೆಲ್‌ನಲ್ಲಿಯೇ.

ಅಲ್ಲಿಂದ ಕಂಬಿಗಳು ಟ್ರೊಂಡ್‌ಹೈಮ್ ಫಿಯರ್ಡಿನ ದಡ ಹಿಡಿದು ಸಾಗುತ್ತವೆ. ಇದು ನಾರ್ವೆಯ ಫಲವತ್ತಾದ ಸೀಮೆಗಳಲ್ಲಿ ಒಂದು. ಎರಡೂ ಕಡೆ ಹೊಲಗದ್ದೆ, ಮರದ ಕೆಂಪು ಕಣಜಗಳು. 1902ರಲ್ಲಿ ಹಾದಿ ಲೆವಾಂಗರನ್ನು ಮುಟ್ಟಿತು, 1904ರಲ್ಲಿ ವೆರ್ಡಾಲನ್ನು. ವೆರ್ಡಾಲಿನ ಸಮೀಪದ ಸ್ಟಿಕ್ಲೆಸ್ಟಾಡ್ ಎಂಬಲ್ಲಿ 1030ರಲ್ಲಿ ನಡೆದ ಯುದ್ಧದಲ್ಲಿ ಓಲಾವ್ ಅರಸನು ಮಡಿದು, ಮುಂದೆ ನಾರ್ವೆಯ ಸಂತನೆನಿಸಿದನು. 1905ರಲ್ಲಿ, ನಾರ್ವೆ ಸ್ವೀಡನ್ನಿನ ಜೊತೆಗಿನ ಏಕಾಧಿಪತ್ಯವನ್ನು ಕಳಚಿಕೊಂಡು ಸ್ವತಂತ್ರವಾದ ವರ್ಷದಲ್ಲಿಯೇ, ಹಾದಿ ಸ್ಟೈನ್‌ಶೇರನ್ನು ದಾಟಿ ಸುನ್ನಾನ್ ಎಂಬ ಸರೋವರದ ತೀರದ ಊರಿಗೆ ಬಂದಿತು. ಬಂದು ಅಲ್ಲಿಯೇ ನಿಂತಿತು. ಮುಂದಿನ ಸ್ನೋಸಾಕ್ಕೆ ರೈಲು ಹೋಗುವ ಹೊತ್ತಿಗೆ 1926 ಆಗಿತ್ತು. ಇಪ್ಪತ್ತೊಂದು ವರ್ಷ! ಅಷ್ಟರಲ್ಲಿ, 1924ರಲ್ಲಿ, ಓಲ್ಸೆನ್ ತೊಂಬತ್ತು ದಾಟಿದ ಮುದುಕನಾಗಿ ತೀರಿಕೊಂಡಿದ್ದನು. ತನ್ನ ರಾನಾಕ್ಕೆ ರೈಲು ಬಂದುದನ್ನು ಅವನು ನೋಡಲಿಲ್ಲ. ಅದು ಬಂದ ರೀತಿಯನ್ನು ನೆನೆದರೆ, ನೋಡದೆ ಹೋದದ್ದೇ ಒಳ್ಳೆಯದಾಯಿತೇನೋ.

ಸ್ನೋಸಾದಿಂದಾಚೆಗೆ ದೃಶ್ಯ ಬದಲಾಗುತ್ತದೆ. ಹೊಲಗಳು ಹಿಂದೆ ಉಳಿದು ಕಾಡು, ನದಿ, ಬೋಳುಗುಡ್ಡಗಳ ನಾಡು ತೆರೆದುಕೊಳ್ಳುತ್ತದೆ. ಇದು ದಕ್ಷಿಣದ ಸಾಮಿ ಜನರ ಪ್ರಾಚೀನ ನೆಲ. ಹಿಮಸಾರಂಗಗಳನ್ನು ಮೇಯಿಸಿಕೊಂಡು ಋತುವಿಗೊಂದು ಬೀಡು ಮಾಡುವ ಈ ಜನರಿಗೆ ಗಡಿಯೂ ಕಂಬಿಯೂ ಒಂದೇ ತೆರನಾದ ಅಡ್ಡಿ. ಇವರಲ್ಲಿ ಹುಟ್ಟಿ ಮೋಶೊಯೆನ್ ಕಡೆಯಲ್ಲಿ ನೆಲೆಸಿದ್ದ ಎಲ್ಸಾ ಲಾವುಲಾ ರೆನ್‌ಬರ್ಗ್ ಎಂಬ ಧೀರಮಹಿಳೆ ಮುಂದಾಳಾಗಿ, 1917ರ ಫೆಬ್ರವರಿಯಲ್ಲಿ ಟ್ರೊಂಡ್‌ಹೈಮಿನಲ್ಲಿ ಸಾಮಿಗಳ ಮೊದಲ ಮಹಾಸಭೆಯನ್ನು ನೆರವೇರಿಸಿದಳು. ಮೇವುನೆಲದ ಹಕ್ಕು ಅಲ್ಲಿನ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. ಆ ಸಂಕಟ ಇನ್ನೂ ಮುಗಿದಿಲ್ಲ. 2017ರ ನವೆಂಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಈ ಮಾರ್ಗದ ರೈಲುಗಳಿಗೆ ಸಿಕ್ಕಿ ನೂರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು. ಹೊಸ ಮೇವುನೆಲಕ್ಕೆ ಮಂದೆಯನ್ನು ಹೊಡೆದುಕೊಂಡು ಹೋಗುವ ಕಾಲವದು.

1929ರಲ್ಲಿ ಗ್ರೋಂಗ್‌ವರೆಗೆ ಹಾದಿ ತೆರೆಯಿತು. ಅಲ್ಲಿಂದ ಮೋಶೊಯೆನ್‌ವರೆಗಿನ ಭಾಗವನ್ನು ನಾರ್ವೆಯ ಕೂಲಿಗಾರರು ಮೂವತ್ತರ ದಶಕದಲ್ಲಿ ಕಟ್ಟಿದರು. ಅದು ಸಿದ್ಧವಾಗಿ ರೈಲು ಓಡತೊಡಗಿದ್ದು 1940ರ ಜುಲೈ ತಿಂಗಳಲ್ಲಿ. ಆದರೆ ಆ ವೇಳೆಗೆ ದೇಶವೇ ಪರರ ಕೈಯಲ್ಲಿತ್ತು. ಏಪ್ರಿಲ್ 9ರಂದು ಜರ್ಮನ್ ಸೇನೆ ನಾರ್ವೆಯ ಮೇಲೆ ಬಿದ್ದಿತ್ತು. ಅದೇ ತಿಂಗಳಲ್ಲಿ ಸ್ಟೈನ್‌ಶೇರ್ ಪಟ್ಟಣ ಬಾಂಬುಗಳಿಂದ ಸುಟ್ಟು ಹೋಗಿತ್ತು. ಮೇ 27ರಂದು ಬೋಡೊ ಕೂಡ.

ಹಿಟ್ಲರನಿಗೆ ಈ ದೂರದ ರೈಲುಹಾದಿ ಏಕೆ ಬೇಕಾಯಿತು? ಉತ್ತರ ಸ್ವೀಡನ್ನಿನ ಕಿರುನಾದ ಗಣಿಗಳಿಂದ ಜರ್ಮನಿಗೆ ಕಬ್ಬಿಣದ ಅದಿರು ಬರುತ್ತಿತ್ತು. ಚಳಿಗಾಲದಲ್ಲಿ ಬೋತ್ನಿಯಾ ಕೊಲ್ಲಿ ಹೆಪ್ಪುಗಟ್ಟುವುದರಿಂದ ಆ ಅದಿರು ನಾರ್ವೆಯ ನಾರ್ವಿಕ್ ಬಂದರಿನ ಮೂಲಕವೇ ಬರಬೇಕು. ಅಲ್ಲದೆ ಉತ್ತರದ ತುದಿಯಲ್ಲಿ ಸೋವಿಯೆಟ್ ಒಕ್ಕೂಟದ ಎದುರಿಗೆ ದೊಡ್ಡ ಸೇನೆಯೊಂದು ನಿಂತಿತ್ತು. ಅದಕ್ಕೆ ಅನ್ನ, ಮದ್ದುಗುಂಡು ಮುಟ್ಟಬೇಕು. ಕಡಲಹಾದಿಯಲ್ಲಿ ಮಿತ್ರರಾಷ್ಟ್ರಗಳ ವಿಮಾನ, ಜಲಾಂತರ್ಗಾಮಿಗಳ ಭಯ. ಆದುದರಿಂದ ಹಾದಿಯನ್ನು ನಾರ್ವಿಕ್‌ವರೆಗೆ, ಸಾಧ್ಯವಾದರೆ ಶಿರ್ಕೆನೆಸ್‌ವರೆಗೆ ಒಯ್ಯಬೇಕೆಂದು ಆಜ್ಞೆಯಾಯಿತು. ಜನವಿರಳವಾದ ಆ ನಾಡಿನಲ್ಲಿ ಅಷ್ಟು ಕೆಲಸಕ್ಕೆ ಕೈಗಳೆಲ್ಲಿ? ಯುದ್ಧಕೈದಿಗಳನ್ನು ತಂದರು.

1941ರಿಂದ 1945ರವರೆಗೆ ಸುಮಾರು ಒಂದು ಲಕ್ಷ ಸೋವಿಯೆಟ್ ಕೈದಿಗಳನ್ನು ನಾರ್ವೆಗೆ ಸಾಗಿಸಲಾಯಿತು. 1942ರ ಬೇಸಗೆಯಿಂದ ಯುಗೊಸ್ಲಾವಿಯದ ಕೈದಿಗಳು ಬಂದರು. ಬಹುಪಾಲು ಸರ್ಬಿಯನ್ನರು, ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ. ಇವರಲ್ಲಿ ಸಾವಿರಾರು ಜನರನ್ನು ನೋರ್ಡ್‌ಲಾಂಡಿನ ರೈಲು ಮತ್ತು ರಸ್ತೆ ಕೆಲಸಗಳಿಗೆ ಹಚ್ಚಿದರು. ಆರ್ಕ್ಟಿಕ್ ವೃತ್ತದ ಚಳಿಯಲ್ಲಿ, ಹಲಗೆಯ ಬಿಡಾರಗಳಲ್ಲಿ, ಅರೆಹೊಟ್ಟೆಯಲ್ಲಿ ಅವರು ಬಂಡೆ ಒಡೆದರು, ಸುರಂಗ ಕೊರೆದರು, ಮಣ್ಣು ಹೊತ್ತರು. ಬಟ್ಟೆ ಸಾಲದೆ ಸಿಮೆಂಟಿನ ಕಾಗದದ ಚೀಲಗಳನ್ನು ಮೈಗೆ ಸುತ್ತಿಕೊಂಡರು. ಹಸಿವು, ಕ್ಷಯ, ಗುಂಡು ಮೂರೂ ಅವರನ್ನು ತೆಗೆದವು. ನಾರ್ವೆಗೆ ಬಂದ ಯುಗೊಸ್ಲಾವ್ ಕೈದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಸೋವಿಯೆಟ್ ಕೈದಿಗಳಲ್ಲಿ ಸತ್ತವರು ಹದಿಮೂರು ಸಾವಿರಕ್ಕೂ ಮೇಲೆ. ಇಡೀ ಯುದ್ಧದಲ್ಲಿ ಸತ್ತ ನಾರ್ವೆಯವರ ಸಂಖ್ಯೆಗಿಂತ ಇದು ಹೆಚ್ಚು.

ರೈಲುಹಾದಿಯ ಮಗ್ಗುಲಲ್ಲಿಯೇ ಇರುವ ರೋಗ್ನಾನ್ ಎಂಬ ಊರಿನ ಬಳಿ ಒಂದು ರಸ್ತೆಯಿದೆ. ಅದನ್ನು ‘ರಕ್ತದ ಹಾದಿ’ ಎಂದು ಕರೆಯುತ್ತಾರೆ. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಯುಗೊಸ್ಲಾವ್ ಕೈದಿಯನ್ನು 1942ರಲ್ಲಿ ಕಾವಲುಗಾರರು ಗುಂಡಿಕ್ಕಿ ಕೊಂದರು. ಅವನ ಸಹೋದರನೂ ಅದೇ ತಂಡದಲ್ಲಿದ್ದನು. ಅವನು ಸತ್ತವನ ರಕ್ತದಿಂದಲೇ ಬಂಡೆಯ ಮೇಲೆ ಶಿಲುಬೆಯೊಂದನ್ನು ಬರೆದನು. ಊರಿನವರು ಆ ಗುರುತು ಅಳಿಯದಂತೆ ಬಣ್ಣ ಹಚ್ಚಿ ಉಳಿಸಿಕೊಂಡು ಬಂದಿದ್ದಾರೆ.

ಇಷ್ಟೆಲ್ಲವನ್ನೂ ಜರ್ಮನರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ಸತ್ಯ ಅಷ್ಟು ಸರಳವಾಗಿಲ್ಲ. ಯುಗೊಸ್ಲಾವ್ ಕೈದಿಗಳ ಶಿಬಿರಗಳಲ್ಲಿ ಕಾವಲು ನಿಂತವರಲ್ಲಿ ನಾರ್ವೆಯ ಯುವಕರೂ ಇದ್ದರು. ಹೊಡೆದವರೂ ಕೊಂದವರೂ ಇದ್ದರು. ಯುದ್ಧ ಮುಗಿದ ಮೇಲೆ ಅವರಲ್ಲಿ ಕೆಲವರಿಗೆ ಶಿಕ್ಷೆಯಾಯಿತು. ಮುಂದೆ ಅಪರಾಧಶಾಸ್ತ್ರಜ್ಞರಾಗಿ ಪ್ರಖ್ಯಾತರಾದ ನಿಲ್ಸ್ ಕ್ರಿಸ್ಟಿ ತಮ್ಮ ತಾರುಣ್ಯದಲ್ಲಿ ಈ ಕಾವಲುಗಾರರನ್ನು ಕಂಡು ಮಾತನಾಡಿಸಿ ಅಧ್ಯಯನ ಮಾಡಿದರು. ಕೊಂದವರಿಗೂ ಕೊಲ್ಲದವರಿಗೂ ಏನು ವ್ಯತ್ಯಾಸವೆಂಬುದು ಅವರ ಪ್ರಶ್ನೆ. ಕೈ ಎತ್ತದವರು ಕೈದಿಗಳಿಗೆ ಸ್ವಲ್ಪ ಹತ್ತಿರ ಹೋಗಿದ್ದರು. ಕೈದಿಗಳು ತಮ್ಮ ಹೆಂಡತಿ ಮಕ್ಕಳ ಭಾವಚಿತ್ರಗಳನ್ನು ಅವರಿಗೆ ತೋರಿಸಿದ್ದರು. ಚಿತ್ರ ನೋಡಿದವನಿಗೆ ಎದುರಿಗಿದ್ದವನು ಮನುಷ್ಯನಾಗಿ ಕಂಡಿದ್ದನು. ದೂರವೇ ಉಳಿದವರಿಗೆ ಕೊಳಕು ಬಟ್ಟೆಯ, ಹಸಿದು ಕಂಗೆಟ್ಟ, ಭಾಷೆ ತಿಳಿಯದ ಒಂದು ಜಂತು ಮಾತ್ರ ಕಂಡಿತ್ತು. ನಾನು ಓದಿದ ಎಷ್ಟೋ ಸಾಹಿತ್ಯಮೀಮಾಂಸೆಗಿಂತ ಈ ಒಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಸಾಹಿತ್ಯದ ಮಾತು ಬಂತೆಂದು ಇನ್ನೊಂದನ್ನೂ ಹೇಳಬೇಕು. ಇದೇ ನೋರ್ಡ್‌ಲಾಂಡಿನಲ್ಲಿ ಬೆಳೆದು, ಅದರ ಮಣ್ಣಿನ ಬದುಕನ್ನು ಬರೆದು, 1920ರಲ್ಲಿ ನೊಬೆಲ್ ಬಹುಮಾನ ಪಡೆದ ಕ್ನುಟ್ ಹಾಮ್ಸುನ್ ಆ ವರ್ಷಗಳಲ್ಲಿ ಆಕ್ರಮಣಕಾರರ ಪರವಾಗಿ ನಿಂತನು. ಪ್ರತಿಭೆ ಮನುಷ್ಯನನ್ನು ಎಲ್ಲ ಕುರುಡಿನಿಂದಲೂ ಕಾಪಾಡುವುದಿಲ್ಲ.

ಇನ್ನೊಂದು ಬಗೆಯ ನಾರ್ವೆಯವರೂ ಇದ್ದರು. ಕೈದಿಗಳು ನಡೆದುಹೋಗುವ ದಾರಿಯಲ್ಲಿ ಕಲ್ಲಿನ ಕೆಳಗೆ, ಬೇಲಿಯ ಸಂದಿಯಲ್ಲಿ ರೊಟ್ಟಿಯ ತುಂಡು, ಮೀನು, ಆಲೂಗೆಡ್ಡೆ ಇಟ್ಟುಹೋದ ಹೆಂಗಸರೂ ಮಕ್ಕಳೂ ಆ ಹಾದಿಯುದ್ದಕ್ಕೂ ಇದ್ದರು. ಕೈದಿಗಳು ಅದಕ್ಕೆ ಬದಲಾಗಿ ಮರದ ತುಂಡಿನಿಂದ ಹಕ್ಕಿ, ಪುಟ್ಟ ಪೆಟ್ಟಿಗೆ, ಲೋಹದ ಚೂರಿನಿಂದ ಉಂಗುರ ಮಾಡಿ ಇಟ್ಟುಹೋಗುತ್ತಿದ್ದರು. ಇಂಥ ಮರದ ಹಕ್ಕಿಗಳನ್ನು ನಾರ್ವೆಯ ಅನೇಕ ಮನೆಗಳಲ್ಲಿ ಜೋಪಾನ ಮಾಡಿಟ್ಟುಕೊಂಡಿದ್ದಾರೆ. ಪ್ರತಿರೋಧಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಈ ಮಾರ್ಗದ ಮೇಲೆಯೇ ಇರುವ ಮಾಯಾವಾಟ್ನ್ ಎಂಬ ಊರಿನ ಸುತ್ತ ಶಸ್ತ್ರಗಳು ಸಿಕ್ಕವೆಂಬ ಕಾರಣಕ್ಕೆ, ವಿಧ್ವಂಸಕ ಕೃತ್ಯಗಳಿಗೆ ಪ್ರತೀಕಾರವೆಂದು, 1942ರ ಅಕ್ಟೋಬರಿನಲ್ಲಿ 34 ಮಂದಿ ನಾರ್ವೆಯವರನ್ನು ಲೆವಾಂಗರ್ ಬಳಿಯ ಫಾಲ್‌ಸ್ಟಾಡ್ ಕಾಡಿನಲ್ಲಿ ಕೊಲ್ಲಲಾಯಿತು.

ಹೀಗೆ 1942ರಲ್ಲಿ ರೈಲು ಓಲ್ಸೆನ್ನನ ರಾನಾಕ್ಕೆ ಬಂದಿತು. 1945ರ ಆರಂಭದಲ್ಲಿ ಡುಂಡರ್‌ಲಾಂಡನ್ನು ಮುಟ್ಟಿತು. ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ನಾರ್ವಿಕ್‌ವರೆಗೆ ಹಾದಿ ಹೋಗಲೇ ಇಲ್ಲ. ಫೌಸ್ಕೆಯ ಉತ್ತರಕ್ಕೆ ಅರ್ಧ ಕೊರೆದು ಬಿಟ್ಟ ಸುರಂಗಗಳು ಇಂದಿಗೂ ಬಾಯಿ ತೆರೆದುಕೊಂಡು ನಿಂತಿವೆ.

ಉಳಿದ ಕೆಲಸವನ್ನು ಶಾಂತಿಕಾಲದಲ್ಲಿ ನಾರ್ವೆಯವರೇ ಮುಗಿಸಿದರು. ಹಾದಿಯ ಅತ್ಯಂತ ಎತ್ತರದ ಭಾಗ ಸಾಲ್ಟ್‌ಫ್ಯೆಲ್ ಎಂಬ ಪರ್ವತಸೀಮೆ; ಕಡಲಮಟ್ಟದಿಂದ ಸುಮಾರು 680 ಮೀಟರ್ ಎತ್ತರ. ಮರವಿಲ್ಲದ ಆ ಬಯಲಿನಲ್ಲಿ ಹಿಮಗಾಳಿ ಕಂಬಿಗಳನ್ನು ಮುಚ್ಚದಂತೆ ಅಲ್ಲಲ್ಲಿ ಹಾದಿಯ ಮೇಲೆ ಮಾಡು ಕಟ್ಟಬೇಕಾಯಿತು. ರೈಲು ಆರ್ಕ್ಟಿಕ್ ವೃತ್ತವನ್ನು ದಾಟುವುದು ಇಲ್ಲಿಯೇ. 1947ರಲ್ಲಿ ಲೋನ್ಸ್‌ಡಾಲ್, 1955ರಲ್ಲಿ ರೋಕ್‌ಲಾಂಡ್, 1958ರಲ್ಲಿ ಫೌಸ್ಕೆ, ಕೊನೆಗೆ 1962ರಲ್ಲಿ ಬೋಡೊ. ಆ ವರ್ಷದ ಜೂನ್ 7ರಂದು ಐದನೆಯ ಓಲಾವ್ ಅರಸರು ವಿಧ್ಯುಕ್ತವಾಗಿ ಉದ್ಘಾಟನೆ ಮಾಡಿದರು. ಓಲ್ಸೆನ್ ಲೇಖನ ಬರೆದು ಸರಿಯಾಗಿ ತೊಂಬತ್ತು ವರ್ಷವಾಗಿತ್ತು.

ಉದ್ಘಾಟನೆಯ ಬ್ಯಾಂಡು, ಬಾವುಟಗಳ ನಡುವೆ ಕೈದಿಗಳ ನೆನಪು ಎಷ್ಟರಮಟ್ಟಿಗೆ ಇದ್ದೀತು? ಹನ್ನೊಂದು ವರ್ಷ ಹಿಂದೆ ನಡೆದುದನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಯುದ್ಧ ಮುಗಿದಾಗ ನಾರ್ವೆಯ ಜನ ಕೈದಿಗಳನ್ನು ಕಣ್ಣೀರಿನಿಂದ ಬೀಳ್ಕೊಟ್ಟಿದ್ದರು, ಸತ್ತವರ ಗೋರಿಗಳಿಗೆ ಸ್ಮಾರಕ ಕಟ್ಟಿದ್ದರು. ಆದರೆ ಶೀತಲ ಸಮರ ಬಂದಿತು. ನಾರ್ವೆ ನೇಟೋ ಒಕ್ಕೂಟವನ್ನು ಸೇರಿತು. ಗೋರಿ ನೋಡುವ ನೆಪದಲ್ಲಿ ಸೋವಿಯೆಟ್ ಗೂಢಚಾರರು ಉತ್ತರ ನಾರ್ವೆಯನ್ನೆಲ್ಲ ಸುತ್ತಿಯಾರೆಂಬ ಭಯದಿಂದ ಸರ್ಕಾರ 1951ರಲ್ಲಿ ಆ ಭಾಗದ ಸೋವಿಯೆಟ್ ಗೋರಿಗಳನ್ನು ಅಗೆಸಿ, ಅವಶೇಷಗಳನ್ನು ಡಾಂಬರು ಕಾಗದದ ಚೀಲಗಳಲ್ಲಿ ತುಂಬಿಸಿ, ಟ್ಯೋಟ್ಟಾ ಎಂಬ ದ್ವೀಪಕ್ಕೆ ಸಾಗಿಸಿತು. ಆ ಚೀಲಗಳಿಂದಾಗಿಯೇ ಈ ಕಾರ್ಯಾಚರಣೆಗೆ ‘ಆಸ್ಫಾಲ್ಟ್’ ಎಂಬ ಹೆಸರು ನಿಂತಿತು. ಮೋ ಇ ರಾನಾದಲ್ಲಿ ಜನ ಅಡ್ಡ ಬಂದು ಪ್ರತಿಭಟಿಸಿದರು. ಆದರೂ ಕೆಲಸ ನಡೆಯಿತು. ಅನೇಕ ಸ್ಮಾರಕಗಳು ಮುರಿದವು. ಟ್ಯೋಟ್ಟಾದಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು. ಬಹುಪಾಲು ಜನರ ಹೆಸರು ಕಲ್ಲಿನ ಮೇಲೆ ಇರಲಿಲ್ಲ.

ಆಮೇಲೆ ಬಹಳ ವರ್ಷ ಮೌನ. ನಾರ್ವೆಯ ರಾಜ್ಯ ರೈಲ್ವೆ ತನ್ನ ಇತಿಹಾಸದಲ್ಲಿ ಈ ಭಾಗವನ್ನು ಮೆಲ್ಲಗೆ ದಾಟಿಹೋಗುತ್ತಿತ್ತು. ಯುದ್ಧಕಾಲದಲ್ಲಿ ಹಾದಿಯ ಕೆಲಸ ಮುಂದುವರಿದದ್ದು ಆ ಸಂಸ್ಥೆಯ ಎಂಜಿನಿಯರುಗಳ ಸಹಕಾರದಿಂದಲೇ ಎಂಬುದನ್ನು ಬ್ಯೋರ್ನ್ ವೆಸ್ಟ್ಲಿ ಎಂಬ ಪತ್ರಕರ್ತ-ಇತಿಹಾಸಕಾರರು 2015ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರವಾಗಿ ಬರೆದರು. ಕಣ್ಮರೆಯಾದ ಕೈದಿಗಳೆಂಬುದೇ ಆ ಪುಸ್ತಕದ ಹೆಸರಿನ ಅರ್ಥ. ಫಾಲ್‌ಸ್ಟಾಡಿನ ಹಳೆಯ ಸೆರೆಶಿಬಿರ ಈಗ ಅಧ್ಯಯನಕೇಂದ್ರ ಮತ್ತು ವಸ್ತುಸಂಗ್ರಹಾಲಯ. ಅಲ್ಲಿನ ವಿದ್ವಾಂಸರು ಈ ಶತಮಾನದಲ್ಲಿ ಸೇನಾದಾಖಲೆಗಳನ್ನೂ ಕೈದಿಗಳ ಗುರುತುಚೀಟಿಗಳನ್ನೂ ಒಂದೊಂದಾಗಿ ಹೊಂದಿಸಿ, ಸತ್ತವರ ಹೆಸರುಗಳನ್ನು ಹುಡುಕುವ ಕೆಲಸಕ್ಕೆ ಕೈಹಾಕಿದರು. ಸಾವಿರಾರು ಹೆಸರುಗಳು ದೊರೆತಿವೆ.

ಇಂದು ಈ ಹಾದಿಯ ಪ್ರಯಾಣ ಸುಮಾರು ಹತ್ತು ಗಂಟೆಯದು. ಒಂಟಿ ಹಳಿ, ಬಹುಭಾಗಕ್ಕೆ ವಿದ್ಯುತ್ ಬಂದಿಲ್ಲವಾಗಿ ಡೀಸೆಲ್ ಎಂಜಿನ್ನುಗಳೇ ಎಳೆಯುತ್ತವೆ. ನೂರೈವತ್ತಕ್ಕೂ ಹೆಚ್ಚು ಸುರಂಗಗಳು ಸಿಗುತ್ತವೆ. 2020ರಲ್ಲಿ ಇಲ್ಲಿನ ಪ್ರಯಾಣಿಕ ರೈಲುಗಳನ್ನು ಓಡಿಸುವ ಹೊಣೆ ಸ್ವೀಡನ್ನಿನ ರೈಲ್ವೆಯ ಅಂಗಸಂಸ್ಥೆಯೊಂದಕ್ಕೆ ಬಂದಿತು. ನೆಲ ಇನ್ನೂ ಪೂರ್ತಿ ಪಳಗಿಲ್ಲ: 2024ರ ಅಕ್ಟೋಬರ್ 24ರಂದು ಫಿನ್ನೈಡ್‌ಫಿಯರ್ಡ್ ಬಳಿ ಬಂಡೆಗಳು ಉರುಳಿ ಬೋಡೊದ ರೈಲು ಹಳಿತಪ್ಪಿ, ಒಬ್ಬರು ಪ್ರಾಣ ಕಳೆದುಕೊಂಡರು.

ಬೇಸಗೆಯಲ್ಲಿ ಪ್ರವಾಸಿಗಳು ಸಾಲ್ಟ್‌ಫ್ಯೆಲ್ ಬಂದಾಗ ಕಿಟಕಿಯ ಬಳಿಗೆ ಸರಿಯುತ್ತಾರೆ. ಆರ್ಕ್ಟಿಕ್ ವೃತ್ತವನ್ನು ದಾಟಿದೆವೆಂದು ಹೇಳಿಕೊಳ್ಳುವ ಸಂತೋಷ ಎಲ್ಲರಿಗೂ ಇರುತ್ತದೆ. ಅದೇ ಬಯಲಿನಲ್ಲಿ ಯುಗೊಸ್ಲಾವ್ ಮತ್ತು ಸೋವಿಯೆಟ್ ಕೈದಿಗಳ ಸ್ಮಾರಕಗಳೂ ನಿಂತಿವೆ. ಓಲ್ಸೆನ್ ಹಳ್ಳಿಗಳಲ್ಲಿ ಅಲೆದು, ಬರೆದಿಡದಿದ್ದರೆ ಅಳಿದುಹೋಗುತ್ತಿದ್ದ ಕಥೆಗಳನ್ನು ಬರೆದಿಟ್ಟನು. ಅವನು ಕೇಳಿದ ರೈಲುಹಾದಿಯ ಬದಿಯಲ್ಲಿ ಮಣ್ಣಾದವರ ಹೆಸರುಗಳನ್ನು ಈಗ ಇನ್ನೊಂದು ತಲೆಮಾರಿನವರು ಹಾಗೆಯೇ ಬರೆದಿಡುತ್ತಿದ್ದಾರೆ. ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ.